ಸ್ವಂತ ಒಲೆಯ ಮತದಾರ

ಹಿತ್ತಾಳೆಯ ಬೋಗುಣಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತವನಿಗೆ ತನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂಬುದು ಇಷ್ಟು ದೊಡ್ಡ ಸಮಸ್ಯೆಯಾದೀತೆಂದು ದಾನಪ್ಪನಿಗೆ ಆ ಶನಿವಾರದ ಬೆಳಗಿನವರೆಗೆ ಗೊತ್ತಿರಲಿಲ್ಲ. ಕಂಠವನ್ನು ಹಿಡಿದರೆ ಯಾರೋ ಕಸಿದುಕೊಳ್ಳುವರೆಂದು ಹೆದರಿದವನ ಹಾಗೆ ಕಾಣುತ್ತದೆ. ಒಳಗೆ ಕೈ ಹಾಕಿದರೆ ಬೇಡುವವನ ಹಾಗೆ. ಸುಮ್ಮನೆ ಬಿಟ್ಟರೆ ಬಸ್ಸು ಹೊರಳಿದಾಗಲೆಲ್ಲ ಅದು ಪಕ್ಕದಲ್ಲಿದ್ದ ಮುದುಕಿಯ ಮೊಣಕಾಲಿಗೆ ಬಡಿಯುತ್ತದೆ. ಆಕೆ ಪ್ರತಿಸಲವೂ ತಾನೇ ತಪ್ಪು ಮಾಡಿದವಳಂತೆ ‘ಸಾರಿ’ ಎನ್ನುತ್ತಿದ್ದಳು. ಇಪ್ಪತ್ತೇಳು ವರ್ಷ ಈ ದೇಶದಲ್ಲಿದ್ದೂ, ಪೆಟ್ಟು ತಿಂದವರೇ ಕ್ಷಮೆ ಕೇಳುವಾಗ ಪೆಟ್ಟು ಕೊಟ್ಟವನು ಏನು ಹೇಳಬೇಕೆಂಬುದು ದಾನಪ್ಪನಿಗೆ ತಿಳಿದಿರಲಿಲ್ಲ. ಕೊನೆಗೆ ಬೋಗುಣಿಯನ್ನು ಮಗುವಿನಂತೆ ಎದೆಗವಚಿಕೊಂಡ. ಕಂಠದ ಕೆಳಗೆ ಹೆಬ್ಬೆರಳಿಗೆ ಏನೋ ಚುಕ್ಕಿ ಚುಕ್ಕಿಯಾಗಿ ಒರಟಾಗಿ ಹತ್ತಿತು. ಹಳೆಯ ಪಾತ್ರೆಗಳಿಗೆ ಇಂಥವು ಇರತಕ್ಕವೇ ಎಂದುಕೊಂಡು, ಮೊಣಕಾಲಿನವರೆಗೆ ಎಳೆದುಕೊಂಡಿದ್ದ ಫುಟ್‌ಬಾಲ್ ಕಾಲುಚೀಲಗಳಲ್ಲಿ ಬಲಗಡೆಯದು ಜಾರುತ್ತಿರುವುದನ್ನು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಹೀಥ್ರೋ ಪಕ್ಕದ ಹೌನ್ಸ್ಲೋದ ಬಸ್ಸಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಇಂದು ಅದು ಅವನಿಗೆ ಸಮಾಧಾನದ ಬದಲು ಅವಮಾನದಂತೆ ತೋರಿತು. ಇಂಥ ವೇಷದಲ್ಲಿದ್ದವನನ್ನೂ ನೋಡದಿದ್ದರೆ ಇನ್ನು ಯಾವಾಗ ನೋಡಿಯಾರು?

ಈ ಬೋಗುಣಿಯನ್ನು ಆರಿಸಿದವನು ಅವನೇ. ಬೆಳಿಗ್ಗೆ ಗ್ಯಾರೇಜಿನಲ್ಲಿ ಹುಡುಕಾಡುತ್ತಿದ್ದಾಗ ರತ್ನವ್ವನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳುವಂತಿರಲಿಲ್ಲ. ಕಳೆದ ಭಾನುವಾರದಿಂದ ಅವಳು ಅವನೊಡನೆ ಮಾತು ಬಿಟ್ಟಿದ್ದಳೆಂದು ಹೇಳಿದರೆ ಸುಳ್ಳಾಗುತ್ತದೆ; ಮಾತನಾಡುತ್ತಿದ್ದಳು, ಆದರೆ ಫ್ರಿಜ್ಜಿನೊಡನೆ. ‘ಊಟಕ್ಕ ಬಡಿಸೇನಿ’ ಎಂದು ಫ್ರಿಜ್ಜಿಗೆ ಹೇಳುತ್ತಿದ್ದಳು. ‘ಜೀಪಿ ಡಾಕ್ಟರ ಕಡೆ ಹೋಗಿ ಮೊಣಕಾಲು ತೋರಿಸ್ಕೊಂಡು ಬರತೇನಿ’ ಎಂದು ಕಿಟಕಿಯ ಪರದೆಗೆ ಹೇಳಿದ್ದಳು. ಮೂವತ್ತೊಂದು ವರ್ಷ ದಿನಕ್ಕೆ ನೂರು ಸಲ ಕೇಳಿ, ಕೇಳಿದ್ದೇ ತಿಳಿಯದಂತಾಗಿದ್ದ ಆ ‘ರೀ’ ಎಂಬ ಕರೆ ಮನೆಯಿಂದ ಎದ್ದುಹೋಗಿತ್ತು. ಅಡುಗೆಯಲ್ಲಿ ಮಾತ್ರ ಯಾವ ಲೋಪವೂ ಇರಲಿಲ್ಲ. ಜೋಳದ ರೊಟ್ಟಿ ಎಂದಿಗಿಂತ ತೆಳುವಾಗಿತ್ತು, ಎಣ್ಣೆಗಾಯಿ ಎಂದಿಗಿಂತ ರುಚಿಯಾಗಿತ್ತು, ಮತ್ತು ಅದೇ ಅವನನ್ನು ಹೆದರಿಸಿದ್ದು. ಕಾರಣ ಹುಡುಕಲು ಅವನು ತನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಎದುರಿಗೆ ನಿಲ್ಲಿಸಿಕೊಂಡು ವಿಚಾರಿಸಿದ್ದ: ಅವಳ ತಂಗಿಯ ಫೋನು ಬಂದದ್ದನ್ನು ಹೇಳಲು ಮರೆತದ್ದು, ಅವಳು ಬಿತ್ತಿದ ಮೆಂತ್ಯವನ್ನು ಕಳೆಯೆಂದು ಕಿತ್ತದ್ದು. ಇವುಗಳಲ್ಲಿ ಒಂದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ವಿಚಾರಣೆ ಮುಗಿದಾಗಲೆಲ್ಲ ಕೊನೆಗೆ ಉಳಿಯುತ್ತಿದ್ದುದು ಆ ಭಾನುವಾರದ ಮಾತೇ.

ಆ ದಿನ ಅವರ ಮನೆಯಲ್ಲಿ ಪಾತ್ರ ಹಂಚಿಕೆಯಿತ್ತು. ಮಗಳು ಅಂಕಿತಾ ಕೆಲಸ ಮಾಡುವ ಲೈಬ್ರರಿಯವರು ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪಟ್ಟಣವೊಂದರ ಚುನಾವಣೆಯನ್ನು ಪಾರ್ಕಿನಲ್ಲಿ ಆಡಿ ತೋರಿಸುವುದೆಂದು ನಿರ್ಧರಿಸಿ, ಜನ ಸಾಲದೆ, ಕೊನೆಗೆ ಅಂಕಿತಾ ತನ್ನ ತಂದೆಯ ಕನ್ನಡ ಗೆಳೆಯರನ್ನೇ ಮತದಾರರನ್ನಾಗಿ ಹಿಡಿದು ತಂದಿದ್ದಳು. ಆ ಕಾಲದ ಕೆಲವು ಪಟ್ಟಣಗಳಲ್ಲಿ ಸ್ವಂತ ಒಲೆಯ ಮೇಲೆ ಸ್ವಂತ ಪಾತ್ರೆಯಲ್ಲಿ ಬೇಯಿಸಿಕೊಂಡು ಉಣ್ಣುವ ಗಂಡಸಿಗೆಲ್ಲ ಮತದ ಹಕ್ಕಿತ್ತಂತೆ. ಚುನಾವಣೆ ಹತ್ತಿರ ಬಂದಿತೆಂದರೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರೂ ಪಾತ್ರೆಗಳನ್ನು ಬೀದಿಗೆ ತಂದು, ಒಲೆ ಹೂಡಿ, ಊರ ಕಣ್ಣೆದುರಿಗೆ ಕುದಿಸಿ, ನೋಡಿ, ನಾವೂ ಮತದಾರರು ಎನ್ನುತ್ತಿದ್ದರಂತೆ. ಮತವನ್ನಾದರೂ ಗುಟ್ಟಾಗಿ ಹಾಕುವಂತಿರಲಿಲ್ಲ. ಬಯಲಲ್ಲಿ ಕಟ್ಟಿದ ಅಟ್ಟ ಹತ್ತಿ, ತನ್ನ ಹೆಸರು ಹೇಳಿ, ಇಂಥವರಿಗೆ ಎಂದು ಎಲ್ಲರಿಗೂ ಕೇಳುವಂತೆ ಕೂಗಬೇಕು. ಅಂಕಿತಾ ಇಷ್ಟನ್ನೂ ಇಂಗ್ಲಿಷಿನಲ್ಲಿ ವಿವರಿಸಿ, ‘ಸೋ ಅಪ್ಪಾ, ಯು ನೀಡ್ ಎ ಪಾಟ್. ನಾಟ್ ಸ್ಟೀಲ್, ಪ್ಲೀಸ್’ ಎಂದಾಗ, ಚಹಾ ಕುಡಿಯುತ್ತ ಕುಳಿತ ಗೆಳೆಯರ ಮುಂದೆ ದಾನಪ್ಪ ಕಾಲು ಚಾಚಿ ಹೇಳಿದ್ದ: ‘ಅದೇನ್ ದೊಡ್ಡದವ್ವಾ. ಒಲಿ ನಂದು, ಬೋಗೋಣಿ ನಂದು. ನಿಮ್ಮವ್ವ ಬರೇ ತಿರುವ್ಯಾಡತಾಳ.’

ಎಲ್ಲರೂ ನಕ್ಕರು. ರತ್ನವ್ವನೂ ನಕ್ಕಳು. ನಕ್ಕು, ಕಪ್ಪುಗಳನ್ನು ಒಂದರೊಳಗೊಂದು ಕೂಡಿಸಿ ಒಳಗೆ ಒಯ್ದಳು. ಅವಳು ನಕ್ಕದ್ದೇ ತನ್ನ ಪರವಾದ ಸಾಕ್ಷ್ಯವೆಂದು ದಾನಪ್ಪ ಸೋಮವಾರದವರೆಗೆ ನಂಬಿದ್ದ.

ಪಾರ್ಕಿನ ಬಾಗಿಲಲ್ಲೇ ಇಗ್ನೇಷಿಯಸ್ ಕಾಯುತ್ತಿದ್ದ. ಉಡುಪಿ ಕಡೆಯವನು, ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ದಾನಪ್ಪನೊಡನೆ ಹದಿನೆಂಟು ವರ್ಷ ದುಡಿದು, ಅವನು ನಿವೃತ್ತನಾದ ವರ್ಷವೇ ತಾನೂ ನಿವೃತ್ತನಾದವನು. ಇಂದಿನ ಚುನಾವಣೆಗೆ ಹಳದಿ ಪಕ್ಷದ ಅಭ್ಯರ್ಥಿ. ಆಟವೆಂದು ಎಲ್ಲರಿಗೂ ತಿಳಿದಿತ್ತು, ಅವನಿಗೊಬ್ಬನಿಗೆ ತಿಳಿದಂತಿರಲಿಲ್ಲ. ಹಿಂದಿನ ಅಭ್ಯರ್ಥಿಗಳು ಮನೆ ಮನೆಗೆ ಹೋಗಿ ಬಿಯರ್ ಕುಡಿಸುತ್ತಿದ್ದರೆಂದು ಅಂಕಿತಾ ಹೇಳಿದ್ದೇ ತಡ, ವಾರವಿಡೀ ಹಳದಿ ರಿಬ್ಬನ್ನು ಕಟ್ಟಿದ ಡಬ್ಬಿಗಳನ್ನು ಹೊತ್ತು ಮತದಾರರ ಬಾಗಿಲು ತಟ್ಟಿದ್ದ. ಕುಡಿಯದ ದಾನಪ್ಪನಿಗೆ ಜಿಂಜರ್ ಬಿಯರ್ ತಂದು, ‘ನಿಮಗೆ ಇದು ಮಾರಾಯ್ರೆ. ಹೆಸರಿಗೆ ಬಿಯರ್, ಒಳಗೆ ಬರೀ ಶುಂಠಿ ಕಷಾಯ’ ಎಂದಿದ್ದ. ಆ ಶತಮಾನದ ದೊಡ್ಡ ಮನುಷ್ಯರು ಮೀಸೆ ಬಿಡುತ್ತಿರಲಿಲ್ಲವೆಂದು ಯಾವುದೋ ಚಿತ್ರದಲ್ಲಿ ನೋಡಿ ನಿನ್ನೆ ತನ್ನ ಮೀಸೆಯನ್ನೂ ಬೋಳಿಸಿಕೊಂಡಿದ್ದ. ಮೀಸೆಯಿದ್ದ ಜಾಗ ಹೊಸದಾಗಿ ಸುಲಿದ ಬಾಳೆಹಣ್ಣಿನಂತೆ ಬೆಳ್ಳಗಿತ್ತು, ಮತ್ತು ಮಾತನಾಡುವಾಗ ಅವನ ಬೆರಳು ಅಲ್ಲಿಗೆ ಹೋಗಿ, ಏನೂ ಸಿಗದೆ, ಹಿಂದಿರುಗುತ್ತಿತ್ತು.

‘ಎಂತ, ಹಿತ್ತಾಳೆ ಪಾತ್ರೆ ಎಲ್ಲ ಜೋರುಂಟು,’ ಎಂದ ಇಗ್ನೇಷಿಯಸ್. ‘ನಿಮ್ಮ ವೋಟು ನನಗೇ ಅಲ್ವಾ?’

‘ಕೊಟ್ಟ ಮಾತು ಕೊಟ್ಟಂಗ.’

‘ಹಾಗಲ್ಲ ಮಾರಾಯ್ರೆ. ಅಲ್ಲಿ ಗಟ್ಟಿ ಕೂಗಬೇಕು. ನೀವು ಶೆಡ್ಡಿನಲ್ಲಿ ಸೂಪರ್‌ವೈಸರನ ಎದುರು ಮಾತಾಡಿದ ಹಾಗೆ ಮಾಡಬೇಡಿ, ಯಾರಿಗೂ ಕೇಳುವುದಿಲ್ಲ.’

ಎದುರಾಳಿ ಹ್ಯಾರೋದ ಡಾಕ್ಟರ್ ಜಗದೇವಪ್ಪ. ನೀಲಿ ಪಕ್ಷ. ಪ್ರಚಾರಕ್ಕೆ ಒಂದು ದಿನವೂ ಹೊರಟವರಲ್ಲ. ಬಂದಿದ್ದ ಮತದಾರರಲ್ಲಿ ಅರ್ಧದಷ್ಟು ಜನರ ರಕ್ತದೊತ್ತಡವನ್ನು ಅವರೇ ನೋಡುತ್ತಿದ್ದುದರಿಂದ ಅದರ ಅವಶ್ಯಕತೆಯೂ ಇರಲಿಲ್ಲ.

ಹುಲ್ಲಿನ ಮೇಲೆ ಒಬ್ಬೊಬ್ಬ ಮತದಾರನಿಗೆ ಮೂರು ಮೂರು ಇಟ್ಟಿಗೆಯ ಒಲೆ, ಒಂದು ಹಿಡಿ ಕಟ್ಟಿಗೆ, ಮತ್ತು ಕೌನ್ಸಿಲಿನ ಆಜ್ಞೆಯಂತೆ ಎಲ್ಲರಿಗೂ ಸೇರಿ ಒಂದು ಬಕೆಟ್ ಮರಳು. ಹಗ್ಗದ ಆಚೆ ಹೆಂಗಸರು. ಆ ಕಾಲದಲ್ಲಿ ಅವರಿಗೆ ಮತವಿರಲಿಲ್ಲವಾದ್ದರಿಂದ ಅವರಿಗೆ ಊಟದ ಏರ್ಪಾಡನ್ನು ವಹಿಸಲಾಗಿತ್ತು. ರತ್ನವ್ವ ಯಾರದೋ ಕಾರಿನಲ್ಲಿ ಬಂದು, ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿ ನಿಂತಿದ್ದಳು. ಅವಳ ಕಣ್ಣು ಮೊದಲು ಹೋದದ್ದು ಗಂಡನ ತಲೆಯ ಮೇಲಿನ ಹತ್ತಿಯ ಬಿಳಿಗೂದಲ ಟೋಪನ್ನಿನ ಕಡೆಗಲ್ಲ, ಬೋಗುಣಿಯ ಕಡೆಗೆ. ದಾನಪ್ಪ ಕೈಯೆತ್ತಿದ. ಅವಳು ಪಕ್ಕದವಳಿಗೆ ಏನೋ ಹೇಳಿದಳು.

ಬೆಂಕಿ ಹೊತ್ತಲಿಲ್ಲ. ಹೊತ್ತಿದರೆ ನಿಲ್ಲಲಿಲ್ಲ. ಎಡಬಲದಲ್ಲಿ ಸ್ಕೌಟಿನಲ್ಲಿದ್ದು ಬಂದ ಇಂಗ್ಲಿಷರು ನಗುನಗುತ್ತ ನೀರು ಕುದಿಸಿ, ಅಟ್ಟ ಹತ್ತಿ, ನೀಲಿಗೋ ಹಳದಿಗೋ ಕೂಗಿ ಇಳಿಯುತ್ತಿದ್ದರು. ದಾನಪ್ಪ ಮಂಡಿಯೂರಿ ಊದಿದ. ಹೊಗೆ ಟೋಪನ್ನಿನೊಳಗೆ ಹೊಕ್ಕು ಕಣ್ಣಿಗೆ ಇಳಿಯಿತು. ಚಿಕ್ಕವನಿದ್ದಾಗ ಅವ್ವ ಊದುಗೊಳವೆಗೆ ತುಟಿಯಿಟ್ಟು ಒಂದೇ ಉಸಿರಿಗೆ ಉರಿ ಎಬ್ಬಿಸುತ್ತಿದ್ದುದನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದ. ನೀ ಹೊರಗ ಹೋಗೋ, ಗಂಡಸುಮಗ, ಎನ್ನುತ್ತಿದ್ದಳು ಅವ್ವ. ಹೊರಗೆ ಹೋದವನು ಮತ್ತೆ ಒಳಗೆ ಬಂದದ್ದೇ ಇಲ್ಲವೆಂದು ಈಗ ಈ ಹುಲ್ಲಿನ ಮೇಲೆ ಹೊಳೆಯಬೇಕೆ? ಈ ದೇಶಕ್ಕೆ ಬಂದು ಕೆಲಸಕ್ಕೆ ಸೇರಿದ ಮೊದಲ ತಿಂಗಳು ರತ್ನವ್ವ ಇನ್ನೂ ಬಂದಿರಲಿಲ್ಲ. ಆಗ ಅವನು ಬ್ರೆಡ್ಡು ತಿಂದು ಬದುಕಿದ್ದ. ಅವಳು ಬಂದಿಳಿದ ದಿನ ಹೀಥ್ರೋದಲ್ಲಿ ಎಲ್ಲರ ಕೈಯಲ್ಲಿ ಸೂಟ್‌ಕೇಸು, ಅವಳ ಕೈಯಲ್ಲಿ ಸೀರೆಯ ಸೆರಗಿನಡಿಯಿಂದ ಹೊಳೆಯುವ ಹಿತ್ತಾಳೆ. ಅವನು ನಾಲ್ಕು ಹೆಜ್ಜೆ ಮುಂದೆ ನಡೆದಿದ್ದ, ಆ ಹೆಂಗಸೂ ಆ ಪಾತ್ರೆಯೂ ಬೇರೆ ಯಾರಿಗೋ ಸೇರಿದವೆಂಬಂತೆ. ಇದೇ ಬೋಗುಣಿಯೇ? ಇದೇ. ಕಲಾಯಿ ಹಾಕುವವರು ಈ ಊರಿನಲ್ಲಿಲ್ಲವೆಂದು ಕ್ರಮೇಣ ಗ್ಯಾರೇಜು ಸೇರಿದ್ದು. ಬಸ್ಸಿನಲ್ಲಿ ಎದೆಗವಚಿಕೊಂಡು ಬಂದಾಗಲೂ ಅದರ ಗುರುತು ಹತ್ತಲಿಲ್ಲವೆಂದರೆ ತನ್ನ ಕಣ್ಣು ಎಂಥದು ಎಂದು ಅವನು ಹೊಗೆಯಲ್ಲಿ ಕಣ್ಣುಜ್ಜಿಕೊಂಡ.

‘ದಾನಪ್ಪ,’ ಎಂದು ಡಾಕ್ಟರು ಅಟ್ಟದ ಮೇಲಿನಿಂದ ಕೂಗಿದರು, ‘ನಿನ್ನ ನೀರು ಕಾಯೂತನಕ ಪಾರ್ಲಿಮೆಂಟ್ ಕೂಡಬಾರದೇನು?’

ಉಳಿದವರದೆಲ್ಲ ಮುಗಿದಿತ್ತು. ನೀಲಿಗೆ ಹಳದಿಗಿಂತ ಒಂದು ಮತ ಹೆಚ್ಚು. ದಾನಪ್ಪನ ಮತ ಹಳದಿಗೆ ಬಿದ್ದರೆ ಸಮ. ಸಮವಾದರೆ ಆ ಕಾಲದ ಕ್ರಮದಂತೆ ಇಬ್ಬರೂ ಗೆದ್ದಂತೆ, ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೆರೆಸುವುದು. ಇಗ್ನೇಷಿಯಸ್ ಒಲೆಯ ಬಳಿ ಬಂದು ಕುಕ್ಕರಗಾಲಲ್ಲಿ ಕುಳಿತ. ‘ಮುಚ್ಚಳ ಎಲ್ಲಿ ಮಾರಾಯ್ರೆ? ಈ ಗಾಳಿಗೆ ಮುಚ್ಚಳ ಇಲ್ಲದೆ ಕುದಿಯುವುದು ಕ್ರಿಸ್ಮಸ್ಸಿಗೆ.’ ದಾನಪ್ಪ ಮತ್ತೆ ಬಗ್ಗಿ ಊದಿದ. ಬೋಗುಣಿಗೆ ಮುಚ್ಚಳವಿರುತ್ತದೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಕೊನೆಗೆ ಅಂಚಿನಲ್ಲಿ ಒಂದೆಳೆ ಹಬೆ ಕಂಡಿತು. ಸಾಕೆಂದು ಚುನಾವಣಾಧಿಕಾರಿಯಾಗಿದ್ದ ಲೈಬ್ರರಿಯ ಮುಖ್ಯಸ್ಥ ಗಂಟೆ ಬಾರಿಸಿ, ಕೆಳಗಿಳಿದು ಬಂದು, ಇದು ನಿನ್ನ ಸ್ವಂತ ಪಾತ್ರೆಯೇ, ಸ್ವಂತ ಒಲೆಯೇ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದ. ಉತ್ತರ ದಾನಪ್ಪನಿಗೆ ಬಾಯಿಪಾಠವಿತ್ತು. ಅಂಕಿತಾ ಚೀಟಿ ಬರೆದುಕೊಟ್ಟು ಹೇಳಿಸಿದ್ದಳು. ಬಾಯಿ ತೆರೆದ. ಅಷ್ಟರಲ್ಲಿ ಅಧಿಕಾರಿಯ ಹಿಂದೆಯೇ ಅಟ್ಟದಿಂದ ಇಳಿದು ಬಂದಿದ್ದ ಡಾಕ್ಟರು ಬಗ್ಗಿ, ಕರ್ಚೀಫಿನಿಂದ ಕಂಠದ ಕೆಳಗಿನ ಮಸಿಯನ್ನು ಒರೆಸಿ, ರೋಗಿಯ ನಾಲಗೆ ನೋಡುವವರಂತೆ ನೋಡಿದರು.

‘ಐ ಅಬ್ಜೆಕ್ಟ್,’ ಎಂದರು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ: ‘ದಾನಪ್ಪ, ಇಲ್ಲಿ ಏನ್ ಕೊರಸೈತಿ, ನೀನಽ ಓದು.’

ಚುಕ್ಕಿಗಳು. ಬಸ್ಸಿನಲ್ಲಿ ಹೆಬ್ಬೆರಳಿಗೆ ಹತ್ತಿದ ಚುಕ್ಕಿಗಳು ಸಾಲಾಗಿ ನಿಂತು ಅಕ್ಷರಗಳಾದವು: ಚಿ. ಸೌ. ರತ್ನವ್ವಗ ತಾಯಿ ಕೊಟ್ಟದ್ದು, ಅಣ್ಣಿಗೇರಿ. ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಚಾಣ ಹಿಡಿದು ಟಕಟಕನೆ ಕೊರೆಯುವವನ ಮುಂದೆ ಅತ್ತೆ ಮಳೆಗಾಲದ ಬಾವಿಯಂತೆ ತುಂಬಿದ ಕಣ್ಣಿನಿಂದ ಕುಳಿತು, ಒಂದೊಂದು ಅಕ್ಷರವನ್ನೂ ಸರಿಯಾಗಿ ಹಾಕೆಂದು ಕಾಡಿದಳೆಂದು ರತ್ನವ್ವ ಎಂದೋ ಹೇಳಿದ್ದಳು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಆ ಕಥೆಯನ್ನು ಅವನು ಪೇಪರು ಓದುತ್ತ ಕೇಳಿದ್ದ.

‘ವಾಟ್ ಡಸ್ ಇಟ್ ಸೇ?’ ಎಂದ ಅಧಿಕಾರಿ.

‘ಹಿಸ್ ನೇಮ್, ಸರ್,’ ಎಂದು ಇಗ್ನೇಷಿಯಸ್ ತಡಮಾಡದೆ ಹೇಳಿದ. ‘ವಿತ್ ಬ್ಲೆಸಿಂಗ್ಸ್.’ ಹೇಳಿ, ಇಲ್ಲದ ಮೀಸೆಯನ್ನು ತಿರುವಿದ.

ಅಂಕಿತಾ ಅಪ್ಪನ ಮುಖ ನೋಡಿದಳು. ಅವಳಿಗೆ ಕನ್ನಡ ಓದಲು ಬಾರದು. ಭಾನುವಾರದ ಕನ್ನಡ ಶಾಲೆಗೆ ಕಳಿಸಬೇಕೆಂದು ರತ್ನವ್ವ ಹೇಳುತ್ತಲೇ ಇದ್ದಳು, ಅವನ ಪಾಳಿ ಭಾನುವಾರ ಇರುತ್ತಿತ್ತು. ಒಲೆಯ ಹತ್ತಿರವಿದ್ದವರಲ್ಲಿ ಆ ಅಕ್ಷರ ಓದಬಲ್ಲ ಗಂಡಸರು ಮೂವರು. ಒಬ್ಬ ಸುಳ್ಳು ಹೇಳಿಯಾಗಿತ್ತು, ಇನ್ನೊಬ್ಬರು ಗೆಲ್ಲುವ ನಗೆಯನ್ನು ತುಟಿಯಲ್ಲೇ ತಡೆದು ಕಾಯುತ್ತಿದ್ದರು. ‘ಹೌದು, ನನ್ನ ಹೆಸರು’ ಎಂದರೆ ಡಾಕ್ಟರು ಹೆಚ್ಚು ಎಳೆಯುವವರಲ್ಲ, ನಕ್ಕು ಬಿಟ್ಟುಬಿಡುತ್ತಾರೆ. ಇಗ್ನೇಷಿಯಸ್ ಕುರ್ಚಿ ಹತ್ತುತ್ತಾನೆ. ಮೀಸೆ ಬೋಳಿಸಿದ್ದಕ್ಕೂ ಸಾರ್ಥಕ. ಆಟವಷ್ಟೆ. ಆಟದಲ್ಲಿ ಹೇಳಿದ್ದು ಸುಳ್ಳಲ್ಲ. ಭಾನುವಾರ ಆಡಿದ್ದೂ ಆಟದ ಮಾತೇ ಅಲ್ಲವೆ? ಅದನ್ನೂ ಜನ ಹೀಗೇ ಸುತ್ತ ನಿಂತು ಕೇಳಿದ್ದರು, ನಕ್ಕಿದ್ದರು. ಹಗ್ಗದ ಆಚೆ ರತ್ನವ್ವ ಅವನನ್ನು ನೋಡುತ್ತಿರಲಿಲ್ಲ. ಫ್ರಿಜ್ಜು ಇಲ್ಲದ ಈ ಬಯಲಿನಲ್ಲಿ ಅವಳು ನೋಡಲು ಒಂದು ಮರವನ್ನು ಆರಿಸಿಕೊಂಡಿದ್ದಳು. ಎಲ್ಲರೆದುರು ಕಸಿದುಕೊಂಡದ್ದನ್ನು ಅಡುಗೆಮನೆಯಲ್ಲಿ ಹಿಂದಿರುಗಿಸಲು ಬರುವುದಿಲ್ಲವೆಂಬ ಸರಳ ಸಂಗತಿ ಆರು ದಿನ ಎಣ್ಣೆಗಾಯಿ ತಿಂದರೂ ತನಗೆ ತಿಳಿಯಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

‘ಇಟ್ ಈಸ್ ಮೈ ವೈಫ್ಸ್ ನೇಮ್,’ ಎಂದ. ಧ್ವನಿ ಶೆಡ್ಡಿನ ಧ್ವನಿಯಾಗಿಯೇ ಹೊರಟಿತು. ಕೇಳಿಸಲಿಲ್ಲವೆಂದು ಅಧಿಕಾರಿ ಕಿವಿ ಮುಂದೆ ತಂದ. ಆಗ ದಾನಪ್ಪ ಎದ್ದು ನಿಂತು, ಟೋಪನ್ನು ತೆಗೆದು ಕಂಕುಳಲ್ಲಿ ಅವಚಿ, ಅಧಿಕಾರಿಯ ಕಡೆಗಲ್ಲ, ಹಗ್ಗದ ಕಡೆಗೆ ತಿರುಗಿ ಕೂಗಿದ: ‘ಬೋಗೋಣಿ ಆಕೀದು. ಒಲೀನೂ ಆಕೀದಽ. ನಾ ಬರೇ ಉಣ್ಣಾಂವ.’

ಕನ್ನಡ ಬಲ್ಲವರು ನಕ್ಕರು. ಬಾರದವರು, ನಗುವುದು ಮರ್ಯಾದೆಯೆಂದು ನಕ್ಕರು. ಡಾಕ್ಟರು ಅನುವಾದಿಸಿದರು. ಅಧಿಕಾರಿ ಸಂತೋಷದಿಂದ ಕಂಪಿಸುತ್ತ, ಈ ಮನುಷ್ಯನಿಗೆ ಮತವಿಲ್ಲ ಎಂದು ಸಾರಿದ. ನೀಲಿ ಒಂದು ಮತದಿಂದ ಗೆದ್ದಿತು. ನಾಲ್ವರು ಯುವಕರು ಡಾಕ್ಟರನ್ನು ರಿಬ್ಬನ್ನು ಸುತ್ತಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎತ್ತಿಕೊಂಡು ಹೊರಟರು. ಕುರ್ಚಿ ಒಂದು ಕಡೆಗೆ ವಾಲಿದಾಗ ಅವರು ‘ಸಾವಕಾಶ್ರೋ’ ಎಂದು ಕನ್ನಡದಲ್ಲೇ ಬೇಡಿಕೊಳ್ಳುವುದು ಕೇಳಿಸಿತು.

ಇಗ್ನೇಷಿಯಸ್ ದಾನಪ್ಪನ ಎದುರಿಗೆ ಬಂದು ನಿಂತ.

‘ಸೀಟೂ ಹೋಯಿತು, ಮೀಸೆಯೂ ಹೋಯಿತು ಮಾರಾಯ್ರೆ.’

‘ಮೀಸಿ ಬರತಾವಪಾ.’

‘ನನ್ನ ಜಿಂಜರ್ ಬಿಯರ್ ವಾಪಸು ಕೊಡಿ.’

‘ಕುಡದು ಬಿಟ್ಟೀನಿ.’

‘ಅದೂ ಹೋಯಿತಾ,’ ಎಂದು ಇಗ್ನೇಷಿಯಸ್ ಹೇಳಿ, ಎದೆಯ ಮೇಲಿನ ಹಳದಿ ರಿಬ್ಬನ್ನನ್ನು ಬಿಚ್ಚಿ ಬೋಗುಣಿಯ ಪಕ್ಕದ ಇಟ್ಟಿಗೆಗೆ ಕಟ್ಟಿ, ಊಟದ ಮೇಜಿನ ಕಡೆಗೆ ನಡೆದ. ಅವನ ಬೆನ್ನು ನೋಡುತ್ತ ದಾನಪ್ಪನಿಗೆ ಒಂದು ತಪ್ಪನ್ನು ತೊಳೆಯಲು ಇನ್ನೊಂದನ್ನು ಮಾಡಿದೆನೋ ಎಂಬ ಸಂಶಯ ಬಂದಿತು. ಅದು ಪೂರ್ತಿ ಬಲಿಯುವುದರೊಳಗೆ ಪಕ್ಕದಲ್ಲಿ ಬಳೆಯ ಸದ್ದಾಯಿತು.

‘ರೀ,’ ಎಂದಳು ರತ್ನವ್ವ. ‘ಮುಚ್ಚಳ ಬಿಟ್ಟು ಬಂದೀರಿ.’

ಹಗ್ಗ ದಾಟಿ ಬಂದಿದ್ದಳು. ಚೀಲದಿಂದ ಹಿತ್ತಾಳೆಯ ಮುಚ್ಚಳವನ್ನು ತೆಗೆದು ಹಿಡಿದಿದ್ದಳು. ಬೆಳಿಗ್ಗೆಯೇ ನೋಡಿದ್ದಾಳೆ, ಬೆಳಿಗ್ಗೆಯೇ ಚೀಲಕ್ಕೆ ಹಾಕಿಕೊಂಡಿದ್ದಾಳೆ, ಇಷ್ಟು ಹೊತ್ತು ಹೆಗಲ ಮೇಲಿಟ್ಟುಕೊಂಡು ಅವನು ಊದುವುದನ್ನು ನೋಡಿದ್ದಾಳೆ. ಅವಳು ಮೊಣಕಾಲು ನೋಯದಂತೆ ಮೆಲ್ಲಗೆ ಕುಳಿತು, ಎರಡು ಕಟ್ಟಿಗೆಗಳನ್ನು ಹಿಂದಕ್ಕೆಳೆದು ಒಂದನ್ನು ಓರೆ ಮಾಡಿದಳು. ಉರಿ ತನ್ನ ಜಾಗ ಸಿಕ್ಕಿತೆಂಬಂತೆ ಮೇಲೆದ್ದಿತು.

‘ಚಾ ಮಾಡತೀ ಏನು?’

‘ಕಲಾಯಿ ಹೋದದ್ದರಾಗ ಚಾ ಮಾಡತಾರೇನ್ರಿ? ಕಿಲುಬು ಹಿಡದೈತಿ. ಬರೇ ಕುದೀಲಿ. ಮನಿಗೆ ಹೋಗಿ ಹುಣಸಿಹಣ್ಣು ಹಚ್ಚಿ ತಿಕ್ಕಬೇಕು.’

‘ತಿಕ್ಕು.’

‘ಬೋಗೋಣಿ ನಂದು,’ ಎಂದಳು ರತ್ನವ್ವ. ‘ಮಸಿ ನಿಮ್ಮದು.’

ಅವನು ನಕ್ಕ, ಆರು ದಿನಗಳ ಮೇಲೆ ನಗು ಹೊರಬಂದಾಗ ಕೆಮ್ಮಿನಂತೆ ಕೇಳಿಸಿತು. ಡಾಕ್ಟರ ಮೆರವಣಿಗೆ ಕೊಳವನ್ನು ಸುತ್ತಿ ಹಿಂದಿರುಗುತ್ತಿತ್ತು. ಸಲುಗೆ ಮರಳಿ ಬಂದ ಧೈರ್ಯದಿಂದ ಅವನು ಕೇಳಿದ: ‘ಒಲಿ ನಿಂದು ಅಂದ ಮ್ಯಾಲೆ ವೋಟೂ ನಿಂದಽ ಆಗಬೇಕಿತ್ತು ಬಿಡು. ನೀ ಆಗಿದ್ರ ಯಾರಿಗೆ ಕೂಗತಿದ್ದಿ? ಇಗ್ನೇಷಿಯಸ್‌ಗಽ ಅಲ್ಲ?’

‘ಹಂಗೆಲ್ಲ ಕೇಳಬಾರದ್ರಿ. ಅದಕ್ಕಽ ಈಗ ಹಲಗಿ ಮರಿ ಮಾಡಿ ನಿಂದ್ರಸತಾರ.’

ಹಲಗೆಯ ಮರೆ. ಎರಡು ವರ್ಷದ ಹಿಂದೆ, ಮೇ ತಿಂಗಳು, ಮಗಳು ಓದಿದ ಶಾಲೆಯ ಸಭಾಂಗಣದಲ್ಲಿ ಮತದಾನ. ಪ್ರತಿ ಚುನಾವಣೆಯಂತೆ ಅಂದೂ ದಾರಿಯಲ್ಲಿ ಅವಳಿಗೆ ಹೇಳಿಕೊಟ್ಟಿದ್ದ: ಮ್ಯಾಲಿಂದ ಎರಡನೇದು, ನೆನಪಿಡು, ಎರಡನೇದು. ಅವಳು ತಲೆಯಾಡಿಸಿದ್ದಳು. ‘ನಮ್ಮ ಮನಿಯ ಎರಡು ವೋಟು’ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಅವನು ಹೇಳಿಕೊಂಡದ್ದೇ ಹೇಳಿಕೊಂಡದ್ದು. ದಾರಕ್ಕೆ ಕಟ್ಟಿದ ಪೆನ್ಸಿಲಿನಿಂದ ಒಂದು ಗುರುತು ಹಾಕಲು ಅವಳಿಗೆ ಅಷ್ಟು ಹೊತ್ತು ಯಾಕೆ ಬೇಕಾಯಿತೆಂದು ಹೊರಗೆ ಕಾಯ್ದು ಕೇಳಿದ್ದಕ್ಕೆ, ದಾರ ಗಿಡ್ಡ ಇತ್ತು ಎಂದಿದ್ದಳು. ಅದಕ್ಕೆ ಅವನು ದಾರಿಯುದ್ದಕ್ಕೂ ನಕ್ಕಿದ್ದ.

‘ಅಲ್ಲ, ಅವತ್ತು ನೀ...’ ಎಂದು ಆರಂಭಿಸಿದ ದಾನಪ್ಪನಿಗೆ ವಾಕ್ಯದ ಉಳಿದ ಭಾಗ ಹಬೆಯಲ್ಲಿ ಕಾಣದಾಯಿತು. ‘ಮ್ಯಾಲಿಂದ ಎರಡನೇದಕ್ಕಽ ಹಾಕಿದ್ದಿಲ್ಲೋ?’

ನೀರು ಈಗ ನಿಜವಾಗಿಯೂ ಕುದಿಯುತ್ತಿತ್ತು. ರತ್ನವ್ವ ಸೆರಗಿನ ತುದಿಯಿಂದ ಮುಚ್ಚಳವನ್ನು ಹಿಡಿದು, ಬೋಗುಣಿಯ ಬಾಯಿಗೆ ಸರಿಯಾಗಿ ಕೂಡುವಂತೆ ಇಟ್ಟಳು.

‘ಹೇಳಿದ್ನಲ್ಲರೀ,’ ಎಂದಳು. ‘ದಾರ ಗಿಡ್ಡ ಇತ್ತು. ಎರಡನೇದಕ್ಕ ಮುಟ್ಟಲಿಲ್ಲ.’